ಫಾರ್ಮ್ಯಾಟ್ ಮಾಡುವ ಮೊದಲು

ಇಪ್ಪತ್ತು ವರ್ಷದ ಹಿಂದೆ ಕೋಲಾರದ ಕಡೆ ಕಂಪ್ಯೂಟರ್ ಕೈಕೊಟ್ಟಿತೆಂದರೆ ಜನರ ಬಾಯಲ್ಲಿ ಮೊದಲು ಬರುತ್ತಿದ್ದ ಮಾತು ‘ಫಾರ್ಮ್ಯಾಟ್’. ‘ಸಿಸ್ಟಮ್ ಸ್ಲೋ ಆಗೈತೆ ಸಾರ್, ಫಾರ್ಮ್ಯಾಟ್ ಮಾಡ್ಕೊಡಿ.’ ‘ಹ್ಯಾಂಗ್ ಆಗ್ತೈತೆ, ಫಾರ್ಮ್ಯಾಟ್ ಮಾಡ್ಬಿಡಿ.’ ಕಾರಣ ಏನೇ ಇರಲಿ, ಪರಿಹಾರ ಅದೊಂದೇ. ಸಿಪಿಯುವನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಮುಳಬಾಗಿಲಿನಿಂದಲೋ ಶ್ರೀನಿವಾಸಪುರದಿಂದಲೋ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದರು. ಸಂಜೆ ಹೊತ್ತಿಗೆ ಅದು ಹೊಸದರಂತೆ ಓಡುತ್ತಾ ವಾಪಸ್ ಹೋಗುತ್ತಿತ್ತು. ಅದರೊಳಗಿದ್ದ ಪತ್ರಗಳು, ಲೆಕ್ಕಗಳು, ಮಗುವಿನ ನಾಮಕರಣದ ಫೋಟೋಗಳು ಉಳಿದವೋ ಇಲ್ಲವೋ ಎಂದು ಕೇಳುವವರು ಕಡಿಮೆ. ಆಗ ಕೋಲಾರದ ಬಸ್ ನಿಲ್ದಾಣಕ್ಕೆ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸರ್ವಿಸ್ ಕಾಲ್‌ಗಳೆಲ್ಲ ನನ್ನ ಪಾಲಿಗೆ. ಆ ವರ್ಷಗಳಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಕಂಪ್ಯೂಟರನ್ನು ನೋಡಿಕೊಳ್ಳಲು ಬೇಕಾದ ಮುಕ್ಕಾಲುಪಾಲು ಸಲಕರಣೆ ಅದರ ಒಳಗೇ ಇರುತ್ತದೆ, ಉಳಿದ ಕಾಲುಪಾಲು ಕಾಸಿಲ್ಲದೆ ಸಿಗುತ್ತದೆ. ಇದನ್ನು ತಿಳಿಯದೆ ನಮ್ಮ ಜನ ಕಳೆದುಕೊಂಡದ್ದು ಸಣ್ಣದಲ್ಲ.

ಆಗಿನ ಮೆಷಿನ್‌ಗಳು ಬಹುಪಾಲು ಅಸೆಂಬಲ್ಡ್. ಅಂಗಡಿಯ ಯಜಮಾನರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಮದರ್‌ಬೋರ್ಡು, ಸೆಲೆರಾನ್ ಪ್ರೊಸೆಸರ್, 40 ಜಿಬಿಯ ಹಾರ್ಡ್‌ಡಿಸ್ಕು, 128 ಅಥವಾ 256 ಎಂಬಿಯ ರ‍್ಯಾಮ್ ತಂದು ಹಾಕಿಕೊಡುತ್ತಿದ್ದರು. ಹಾರ್ಡ್‌ವೇರ್ ಕಲಿಸಿದವರೂ ಅವರೇ. ಮೆಷಿನ್ ಆನ್ ಆಗದೆ ಬೀಪ್ ಬೀಪ್ ಎಂದು ಕೂಗುತ್ತಿದ್ದರೆ, ರ‍್ಯಾಮ್ ಪಟ್ಟಿಯನ್ನು ಕಿತ್ತು, ಅದರ ಅಂಚಿನ ಚಿನ್ನದ ಲೇಪದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಎದ್ದು ನಿಲ್ಲುತ್ತಿತ್ತು. ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಗಣಿಯ ವರ್ಕ್‌ಶಾಪುಗಳಲ್ಲಿ ದುಡಿದವರ ಮಕ್ಕಳು ನಮ್ಮ ಅಂಗಡಿಗೆ ಕೆಲಸ ಕೇಳಿಕೊಂಡು ಬರುತ್ತಿದ್ದ ಕಾಲ ಅದು. ಅಷ್ಟು ತೆಳು ಚಿನ್ನವನ್ನು ಉಜ್ಜುವಾಗ ನನಗೆ ಅವರ ನೆನಪು ಬರುತ್ತಿತ್ತು.

ಕಂಪ್ಯೂಟರಿನೊಳಗೇ ಸಲಕರಣೆ ಇದೆ ಎಂಬುದನ್ನು ನನಗೆ ಮೊದಲು ತೋರಿಸಿಕೊಟ್ಟದ್ದು ಕರೆಂಟು. ಊರಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂಬ ಖಾತರಿ ಇರಲಿಲ್ಲ. ಯುಪಿಎಸ್ ಇದ್ದವರು ಕಡಿಮೆ. ವಿಂಡೋಸ್ 98 ಓಡುತ್ತಿದ್ದ ಮೆಷಿನ್ ಮಧ್ಯದಲ್ಲಿ ಆರಿಹೋಗಿ ಮತ್ತೆ ಎದ್ದಾಗ ನೀಲಿ ಪರದೆಯ ಮೇಲೆ ಸ್ಕ್ಯಾನ್‌ಡಿಸ್ಕ್ ತಾನಾಗಿಯೇ ಶುರುವಾಗುತ್ತಿತ್ತು. ಬಹಳ ಜನ ಅದನ್ನು ಕಂಡು ಹೆದರಿ ಎಸ್ಕೇಪ್ ಒತ್ತಿಬಿಡುತ್ತಿದ್ದರು. ಆದರೆ ಅದು ಮಾಡುತ್ತಿದ್ದದ್ದು ಬಹಳ ಬೇಕಾದ ಕೆಲಸ. ಬರೆಯುತ್ತಿದ್ದಂತೆಯೇ ಕರೆಂಟು ಹೋದಾಗ, ಯಾವ ಫೈಲು ಡಿಸ್ಕಿನ ಯಾವ ತುಂಡುಗಳಲ್ಲಿದೆ ಎಂಬ ಪಟ್ಟಿ ಅರ್ಧಕ್ಕೆ ನಿಂತಿರುತ್ತದೆ. ಆ ಪಟ್ಟಿಯನ್ನು ಡಿಸ್ಕಿನ ಜೊತೆ ತಾಳೆ ನೋಡಿ ಸರಿಪಡಿಸುವುದು ಅದರ ಕೆಲಸ. ಮುಂದೆ ವಿಂಡೋಸ್ ಎಕ್ಸ್‌ಪಿಯಲ್ಲಿ ಅದೇ ಕೆಲಸಕ್ಕೆ ಚೆಕ್‌ಡಿಸ್ಕ್ ಇತ್ತು, ವಿಂಡೋಸ್ 11ರಲ್ಲೂ ಇದೆ. ಸ್ಟಾರ್ಟ್ ಮೆನುವಿನಲ್ಲಿ ಆಕ್ಸೆಸರೀಸ್, ಅದರೊಳಗೆ ಸಿಸ್ಟಮ್ ಟೂಲ್ಸ್ ಎಂದು ಇರುತ್ತಿತ್ತು. ಡಿಸ್ಕ್ ಕ್ಲೀನಪ್, ಡಿಫ್ರಾಗ್ಮೆಂಟರ್, ಸಿಸ್ಟಮ್ ಇನ್ಫರ್ಮೇಷನ್, ಮುಂದೆ ಎಕ್ಸ್‌ಪಿ ಬಂದಾಗ ಸಿಸ್ಟಮ್ ರಿಸ್ಟೋರ್, ಎಲ್ಲವೂ ಅಲ್ಲೇ. ದುಡ್ಡು ಕೊಟ್ಟು ಕೊಂಡ ಮೆಷಿನ್‌ನಲ್ಲೇ ಬಂದವು. ಅಂಗಡಿಗೆ ಬರುತ್ತಿದ್ದವರಲ್ಲಿ ಆ ಮೆನುವನ್ನು ಒಮ್ಮೆಯಾದರೂ ತೆರೆದವರನ್ನು ನಾನು ಕಂಡದ್ದು ಅಪರೂಪ.

ನನ್ನ ಮನಸ್ಸು ಪೂರ್ತಿ ಬದಲಾದದ್ದು ಮುಳಬಾಗಿಲಿನಲ್ಲಿ. ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಬಂದು, 15 ರೂಪಾಯಿ ಕೊಟ್ಟರೆ ಪ್ರಿಂಟು ಕೈಗೆ ಸಿಗುವಂತಾದ ಮೇಲೆ ತಾಲ್ಲೂಕು ಕಚೇರಿಗಳ ಎದುರು ಅರ್ಜಿ ಟೈಪು ಮಾಡಿಕೊಡುವ ಅಂಗಡಿಗಳೂ ಟೈಪ್‌ರೈಟರ್ ಬಿಟ್ಟು ಕಂಪ್ಯೂಟರಿಗೆ ಬಂದವು. ಅಂಥದೊಂದು ಅಂಗಡಿಯನ್ನು ಒಬ್ಬ ಅಕ್ಕ ನಡೆಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಆ ಮೆಷಿನ್ ಮೇಲೆಯೇ ಮನೆ ನಡೆಯುತ್ತಿತ್ತು. ಕರಾರು ಪತ್ರ, ಬಾಡಿಗೆ ಪತ್ರ, ಖಾತೆ ಬದಲಾವಣೆ ಅರ್ಜಿ, ಅಫಿಡವಿಟ್ಟು ಹೀಗೆ ವರ್ಷಗಟ್ಟಲೆ ಟೈಪು ಮಾಡಿ, ವಕೀಲರಿಂದ ತಿದ್ದಿಸಿ ಇಟ್ಟುಕೊಂಡ ನಮೂನೆಗಳು ಅವರ ಬಂಡವಾಳ. ಯಾರೇ ಬಂದರೂ ಹಳೆಯ ನಮೂನೆ ತೆರೆದು ಹೆಸರು, ಸರ್ವೆ ನಂಬರು, ಚೆಕ್ಕುಬಂದಿ ಬದಲಿಸಿದರೆ ಪತ್ರ ತಯಾರು. ಒಂದು ದಿನ ಮೆಷಿನ್ ನಿಧಾನವಾಯಿತೆಂದು ಬೇರೆ ಊರಿನ ಒಬ್ಬ ಹುಡುಗನನ್ನು ಕರೆಸಿದ್ದರು. ಅವನು ಬಂದವನೇ ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿ, ಹೊಸದಾಗಿ ಎಕ್ಸ್‌ಪಿ ಹಾಕಿ, ದುಡ್ಡು ತೆಗೆದುಕೊಂಡು ಹೋಗಿದ್ದ. ಅಕ್ಕನ ನಮೂನೆಗಳೆಲ್ಲ ಇದ್ದದ್ದು ಡೆಸ್ಕ್‌ಟಾಪ್ ಮೇಲೆ, ಮೈ ಡಾಕ್ಯುಮೆಂಟ್ಸ್‌ನಲ್ಲಿ. ಆ ಎರಡೂ ಸಿ ಡ್ರೈವಿನಲ್ಲೇ ಇರುತ್ತವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಾನು ಹೋದಾಗ ಅವರು ಬೈಯಲಿಲ್ಲ, ಅಳಲೂ ಇಲ್ಲ. ‘ನೋಡ್ದೇನೇ ಯಾಕೆ ಅಳಿಸಿದ್ರು ತಮ್ಮಾ? ಇದ್ರಲ್ಲಿ ಏನೈತೆ ಅಂತ ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?’ ಅಂದರು. ಆ ಪ್ರಶ್ನೆ ನನ್ನ ಇಡೀ ಕಸುಬಿಗೇ ಕೇಳಿದ್ದು ಅನ್ನಿಸಿತು.

ಎಕ್ಸ್‌ಪಿ ಕಾಲದಲ್ಲಿ ಫಾರ್ಮ್ಯಾಟ್ ಆದ ಹಾರ್ಡ್‌ಡಿಸ್ಕಿನಲ್ಲಿ ಹಳೆಯ ಬರಹ ಕೂಡಲೇ ಅಳಿದುಹೋಗುತ್ತಿರಲಿಲ್ಲ. ಬೇಗ ಮುಗಿಯುವ ಕ್ವಿಕ್ ಫಾರ್ಮ್ಯಾಟ್‌ನಲ್ಲಂತೂ ಯಾವ ಫೈಲು ಎಲ್ಲಿದೆಯೆಂಬ ಪಟ್ಟಿ ಮಾತ್ರ ಹೊಸದಾಗುತ್ತದೆ. ಫೈಲಿನ ಒಡಲು ಇದ್ದಲ್ಲೇ ಇರುತ್ತದೆ, ಅದರ ಮೇಲೆ ಬೇರೆ ಬರಹ ಬೀಳುವವರೆಗೆ. ಹೊಸ ಎಕ್ಸ್‌ಪಿ ಬಿದ್ದ ಜಾಗದಲ್ಲಿದ್ದವು ಹೋದವು, ಬೀಳದ ಜಾಗದವು ಇನ್ನೂ ಇದ್ದವು. ಆದ್ದರಿಂದ ಮೊದಲು ಮಾಡಬೇಕಾದದ್ದು ಮೆಷಿನ್ ಆಫ್ ಮಾಡುವುದು. ಆ ಹಾರ್ಡ್‌ಡಿಸ್ಕನ್ನು ಬಿಚ್ಚಿ, ಅಂಗಡಿಗೆ ತಂದು, ಬೇರೆ ಮೆಷಿನ್‌ಗೆ ಎರಡನೆಯ ಡಿಸ್ಕಾಗಿ ಜೋಡಿಸಿದೆ. ಫ್ರಾನ್ಸಿನ ಕ್ರಿಸ್ತೋಫ್ ಗ್ರೆನಿಯೆ ಬರೆದು ಲೋಕಕ್ಕೆ ಉಚಿತವಾಗಿ ಕೊಟ್ಟ ಫೋಟೋರೆಕ್ ಎಂಬ ತಂತ್ರಾಂಶವಿದೆ. ಹೆಸರಿನಲ್ಲಿ ಫೋಟೋ ಇದ್ದರೂ ಅದು ವರ್ಡ್ ಫೈಲುಗಳನ್ನೂ ಹುಡುಕುತ್ತದೆ. ಬಹುತೇಕ ಬಗೆಯ ಫೈಲುಗಳ ಮೊದಲ ಕೆಲವು ಅಕ್ಷರಗಳಲ್ಲಿ ಒಂದು ಗುರುತಿರುತ್ತದೆ. ಡಿಸ್ಕನ್ನು ತುದಿಯಿಂದ ತುದಿಗೆ ಓದುತ್ತಾ ಆ ಗುರುತು ಕಂಡಲ್ಲೆಲ್ಲ ಫೈಲನ್ನು ಎತ್ತಿ ಬೇರೆ ಡಿಸ್ಕಿನಲ್ಲಿಡುವುದು ಅದರ ವಿಧಾನ. ಕಪ್ಪು ಪರದೆ, ಬಾಣದ ಕೀಲಿಗಳು, ಬೇರೆ ಅಂದಚಂದವಿಲ್ಲ. ರಾತ್ರಿಯಿಡೀ ಓಡಿತು.

ಬೆಳಿಗ್ಗೆ ಫೈಲುಗಳು ಸಿಕ್ಕಿದ್ದವು, ಹೆಸರುಗಳು ಸಿಕ್ಕಿರಲಿಲ್ಲ. ಫೋಟೋರೆಕ್ ಹಳೆಯ ಹೆಸರನ್ನು ತರಲಾರದು, ಎಫ್ ಅಕ್ಷರದ ಮುಂದೆ ಅಂಕಿಗಳನ್ನು ಹಾಕಿ ಇಡುತ್ತದೆ. ತೆರೆದು ನೋಡಿದರೆ ಕನ್ನಡವೂ ಇಲ್ಲ, ಬರೀ ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಗೋಜಲು. ಅದು ಹಾಳಾದ ಫೈಲಲ್ಲವೆಂದು ನನಗೆ ಗೊತ್ತಿತ್ತು. ಕನ್ನಡ ಗಣಕ ಪರಿಷತ್ತು ರೂಪಿಸಿ, ರಾಜ್ಯ ಸರ್ಕಾರ ಉಚಿತವಾಗಿ ಹಂಚಿದ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ಬರಹ ಅದು. ಆಗಿನ ನುಡಿಯಲ್ಲಿ ಕನ್ನಡದ ರೂಪವೆಲ್ಲ ಫಾಂಟಿನಲ್ಲಿ ಇರುತ್ತಿತ್ತು. ಫಾಂಟ್ ಇಲ್ಲದ ಮೆಷಿನ್‌ನಲ್ಲಿ ಅದು ಓದಲಾಗದು. ನುಡಿಯನ್ನು ಹಾಕಿದ ಕೂಡಲೇ ‘ಈ ದಿನ ಬರೆಸಿಕೊಟ್ಟ ಕರಾರು ಪತ್ರವೇನೆಂದರೆ’ ಎಂಬ ಸಾಲು ಪರದೆಯ ಮೇಲೆ ಮೂಡಿತು. ಅಕ್ಕ ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಒಂದೊಂದಾಗಿ ಫೈಲು ತೆರೆಸಿದರು. ಮೊದಲ ಎರಡು ಸಾಲು ನೋಡಿದರೆ ಸಾಕು, ‘ಇದು ಆವಣಿಯವರ ಭಾಗಪತ್ರ, ಇದು ನಂಗಲಿ ಅಂಗಡಿ ಬಾಡಿಗೆದು’ ಎಂದು ಹೇಳುತ್ತಿದ್ದರು. ಹೆಸರನ್ನು ನಾನು ಹಾಕುತ್ತಾ ಹೋದೆ. ಎಲ್ಲವೂ ಬರಲಿಲ್ಲ. ಆದರೆ ಅವರ ದುಡಿಮೆ ನಡೆಯುವಷ್ಟು ಬಂದವು.

ಅವತ್ತೇ ಅವರ ಮೆಷಿನ್‌ನಲ್ಲಿ ಒಂದು ಕೆಲಸ ಮಾಡಿದೆ. ಮೈ ಡಾಕ್ಯುಮೆಂಟ್ಸ್ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್‌ಗೆ ಹೋದರೆ, ಆ ಫೋಲ್ಡರನ್ನು ಡಿ ಡ್ರೈವಿಗೆ ಸ್ಥಳಾಂತರಿಸುವ ಸೌಲಭ್ಯ ಎಕ್ಸ್‌ಪಿಯಲ್ಲೇ ಇತ್ತು. ಅದನ್ನು ಮಾಡಿ, ಏನು ಮಾಡಿದೆನೆಂದು ಕನ್ನಡದಲ್ಲಿ ಒಂದು ಚೀಟಿ ಬರೆದು ಮಾನಿಟರಿನ ಪಕ್ಕಕ್ಕೆ ಅಂಟಿಸಿದೆ. ಆಮೇಲೆ ಹೋದ ಕಡೆಯಲ್ಲೆಲ್ಲ ಚೀಟಿ ಅಂಟಿಸುವುದು ನನ್ನ ಅಭ್ಯಾಸವಾಯಿತು. ಇಂಗ್ಲಿಷ್ ಬಾರದವರೂ ಮೆನುವಿನಲ್ಲಿ ಎಷ್ಟನೆಯ ಸಾಲು, ಯಾವ ಚಿತ್ರ ಎಂದು ಗುರುತಿಟ್ಟುಕೊಂಡು ಡಿಸ್ಕ್ ಕ್ಲೀನಪ್ ಓಡಿಸುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ತಿಳಿದುಕೊಳ್ಳುವ ಶಕ್ತಿ ನಮ್ಮ ಜನಕ್ಕೆ ಧಾರಾಳವಾಗಿತ್ತು. ಅವರ ಭಾಷೆಯಲ್ಲಿ ಹೇಳುವವರು ಇರಲಿಲ್ಲ.

ನನಗೆ ಹೇಳಿದವರು ಯಾರೆಂದು ಕೇಳಿದರೆ, ಬಹುಪಾಲು ಪತ್ರಿಕೆಗಳು. ಬಿಎಸ್‌ಎನ್‌ಎಲ್‌ನ ಸಂಚಾರ್‌ನೆಟ್ ಡಯಲ್‌ಅಪ್‌ನಲ್ಲಿ ಐದು ಎಂಬಿಯ ಒಂದು ಫೈಲು ಇಳಿಸಲು ಕಾಲು ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಕಾಲದಲ್ಲಿ ಡಿಜಿಟ್, ಲಿನಕ್ಸ್ ಫಾರ್ ಯು ಮುಂತಾದ ಇಂಗ್ಲಿಷ್ ಮಾಸಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳು ನಮ್ಮ ಪಾಲಿನ ಖಜಾನೆ. ಜರ್ಮನಿಯ ಕ್ಲೌಸ್ ಕ್ನಾಪರ್ ರೂಪಿಸಿದ ಕ್ನಾಪಿಕ್ಸ್ ಎಂಬ ಸಿಡಿಯನ್ನು ಹಾಕಿದರೆ, ಹಾರ್ಡ್‌ಡಿಸ್ಕಿಗೆ ಏನನ್ನೂ ಬರೆಯದೆ ಇಡೀ ಲಿನಕ್ಸ್ ಸಿಡಿಯಿಂದಲೇ ಏಳುತ್ತಿತ್ತು. ವಿಂಡೋಸ್ ಸತ್ತ ಮೆಷಿನ್‌ನಿಂದ ಫೈಲು ಹೊರತೆಗೆಯಲು ಅದಕ್ಕಿಂತ ಸುಲಭದ ದಾರಿ ಇರಲಿಲ್ಲ. ವಿಂಡೋಸ್ ಜೊತೆ ತಾನಾಗಿ ಏನೇನು ಏಳುತ್ತದೆಂದು ತೋರಿಸುವ ಆಟೋರನ್ಸ್, ಏನೇನು ಓಡುತ್ತಿದೆಯೆಂದು ತೋರಿಸುವ ಪ್ರೊಸೆಸ್ ಎಕ್ಸ್‌ಪ್ಲೋರರ್ ಎಂಬ ಸಿಸ್‌ಇಂಟರ್ನಲ್ಸ್‌ನ ಸಲಕರಣೆಗಳು ಸಿಕ್ಕಿದ್ದೂ ಹಾಗೆಯೇ. ಮಾರ್ಕ್ ರಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕೂಡಿ ಮಾಡಿದ ಆ ಸಲಕರಣೆಗಳನ್ನು 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು, ಇವತ್ತಿಗೂ ಉಚಿತವಾಗಿ ಕೊಡುತ್ತಿದೆ. ಕನ್ನಡದಲ್ಲಿ ಡಾ. ಯು.ಬಿ. ಪವನಜ ಅವರು ಕನ್ನಡಪ್ರಭದಲ್ಲಿ ಬರೆಯುತ್ತಿದ್ದ ‘ಗಣಕಿಂಡಿ’ ಅಂಕಣದಲ್ಲಿ ಡೌನ್‌ಲೋಡ್ ಎಂಬ ವಿಭಾಗವಿರುತ್ತಿತ್ತು. ಯಾವ ಉಚಿತ ತಂತ್ರಾಂಶ ಯಾವ ಕೆಲಸಕ್ಕೆ ಎಂದು ಕೆಲವೇ ಸಾಲುಗಳಲ್ಲಿ ಹೇಳುತ್ತಿದ್ದರು. ಅದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದೆ. ದಿನಪತ್ರಿಕೆಯ ಅಷ್ಟಗಲದ ಜಾಗ ಸಣ್ಣ ಊರಿನ ಎಷ್ಟು ಹುಡುಗರಿಗೆ ಕಸುಬು ಕಲಿಸಿತೆಂದು ಪತ್ರಿಕೆಯವರಿಗೂ ಗೊತ್ತಿರಲಿಕ್ಕಿಲ್ಲ.

ಶ್ರೀನಿವಾಸಪುರದ ಮಾವಿನ ಮಂಡಿಯೊಂದರ ಕೆಲಸ ನನಗೆ ಬಹಳ ಪ್ರಿಯವಾದದ್ದು. ಮೇ ತಿಂಗಳಿನಿಂದ ಜುಲೈವರೆಗೆ ಆ ಊರಿನಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಬಾದಾಮಿ, ರಸಪುರಿ, ಬೇನಿಷಾ, ನೀಲಂ, ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳಿಗೆ ಹೋಗುವ ತೋತಾಪುರಿ, ಎಲ್ಲವೂ ಲೋಡುಗಟ್ಟಲೆ ಬಂದು ಬೀಳುತ್ತವೆ. ಆ ಮಂಡಿಯಲ್ಲಿ ರೈತರ ಪಟ್ಟಿ ಬರೆಯಲು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಹಾಕಿಸಿಕೊಂಡಿದ್ದರು. ಸೀಸನ್ನಿನ ನಡುವೆ ಮೆಷಿನ್ ತಾನೇ ತಾನಾಗಿ ಆಫ್ ಆಗತೊಡಗಿತು. ಪವರ್ ಸಪ್ಲೈ ಬದಲಿಸಿದ್ದರು, ಫಾರ್ಮ್ಯಾಟ್ ಮಾಡಿಸಿದ್ದರು, ಕೊನೆಗೆ ಹೊಸ ಮೆಷಿನ್ ತರೋಣವೆಂಬ ಮಾತಿಗೆ ಬಂದಿದ್ದರು.

ನಾನು ಸ್ಕ್ರೂಡ್ರೈವರ್ ತೆಗೆಯಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅಡ್ಮಿನಿಸ್ಟ್ರೇಟಿವ್ ಟೂಲ್ಸ್, ಅದರಲ್ಲಿ ಈವೆಂಟ್ ವ್ಯೂವರ್ ತೆರೆದೆ. ಮೆಷಿನ್ ತನ್ನ ಜೀವನದ ದಿನಚರಿಯನ್ನು ಅಲ್ಲಿ ತಾನೇ ಬರೆದಿಟ್ಟುಕೊಳ್ಳುತ್ತದೆ. 6008 ಎಂಬ ನಂಬರಿನ ದಾಖಲೆ ಇದ್ದರೆ ಹಿಂದಿನ ಸಲ ಮೆಷಿನ್ ಕ್ರಮವಾಗಿ ಆಫ್ ಆಗಲಿಲ್ಲ ಎಂದರ್ಥ, ಯಾವ ದಿನ ಎಷ್ಟು ಗಂಟೆಗೆ ಎಂಬುದೂ ಇರುತ್ತದೆ. ಆ ನಂಬರಿನವನ್ನು ಮಾತ್ರ ಸೋಸಿ, ಸಮಯಗಳನ್ನು ಜೋರಾಗಿ ಓದುತ್ತಾ ಹೋದೆ. ಬೆಳಿಗ್ಗೆ ಆರೂವರೆ, ಸಂಜೆ ಐದೂವರೆ, ಮತ್ತೆ ಬೆಳಿಗ್ಗೆ ಆರೂವರೆ. ಮೂಲೆಯಲ್ಲಿ ಕ್ರೇಟು ಜೋಡಿಸುತ್ತಿದ್ದ ಹಿರಿಯ ಹಮಾಲಿಯೊಬ್ಬರು ತಲೆಯೆತ್ತಿ ತೆಲುಗಿನಲ್ಲಿ, ‘ಇದಿ ಮೋಟಾರು ಏಸೇ ಟೈಮ್ ಗದಾ!’ ಅಂದರು. ಅದು ಮೋಟಾರು ಹಾಕುವ ಹೊತ್ತು. ಮಂಡಿಯ ಹಿಂದಿನ ಬೋರ್‌ವೆಲ್ ಮೋಟಾರು ಶುರುವಾದಾಗ ಕ್ಷಣಕಾಲ ವೋಲ್ಟೇಜು ಕುಸಿಯುತ್ತಿತ್ತು. ಯುಪಿಎಸ್ ಅದನ್ನು ತಡೆಯಬೇಕಿತ್ತು, ಆದರೆ ಅದರ ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ. 12 ವೋಲ್ಟಿನ, 7 ಆ್ಯಂಪಿಯರ್ ಅವರ್‌ನ ಸಣ್ಣ ಬ್ಯಾಟರಿ ಹಾಕಿದ ಮೇಲೆ ಮೆಷಿನ್ ಆ ಸೀಸನ್ ಪೂರ್ತಿ ಒಮ್ಮೆಯೂ ಆರಲಿಲ್ಲ. ಯಜಮಾನರು ಹಮಾಲಿಯನ್ನು ಕರೆದು, ‘ನುವ್ವೇ ಮಾ ಇಂಜಿನೀರು’, ನೀನೇ ನಮ್ಮ ಇಂಜಿನಿಯರು, ಎಂದು ಬೆನ್ನು ತಟ್ಟಿದರು. ಮೆಷಿನ್ ಬರೆದಿಟ್ಟ ದಿನಚರಿ ಮತ್ತು ಆ ಅಂಗಡಿಯ ದಿನಚರಿ ಬಲ್ಲ ಮನುಷ್ಯ, ಇಬ್ಬರೂ ಸೇರದೆ ಆ ಉತ್ತರ ಸಿಗುತ್ತಿರಲಿಲ್ಲ.

ಅದೇ ಮಂಡಿಯಲ್ಲಿ ಟ್ಯಾಲಿಯ ಡೇಟಾ ಫೋಲ್ಡರನ್ನು ದಿನಾ ರಾತ್ರಿ ಪೆನ್‌ಡ್ರೈವಿಗೆ ನಕಲು ಮಾಡುವ ವ್ಯವಸ್ಥೆ ಮಾಡಿಕೊಟ್ಟೆ. ನೋಟ್‌ಪ್ಯಾಡಿನಲ್ಲಿ ಎಕ್ಸ್‌ಕಾಪಿ ಎಂಬ ಆಜ್ಞೆಯ ಒಂದೇ ಸಾಲು ಬರೆದು ಬ್ಯಾಚ್ ಫೈಲಾಗಿ ಉಳಿಸಿ ಡೆಸ್ಕ್‌ಟಾಪ್ ಮೇಲಿಟ್ಟೆ. ಗುಮಾಸ್ತ ಮನೆಗೆ ಹೋಗುವ ಮುನ್ನ ಅದನ್ನೊಮ್ಮೆ ಒತ್ತಬೇಕು, ಅಷ್ಟೇ. ವಿಂಡೋಸ್ ವಿಸ್ಟಾದಿಂದ ಈಚೆಗೆ ಅದಕ್ಕಿಂತ ಸಮರ್ಥವಾದ ರೋಬೋಕಾಪಿ ವಿಂಡೋಸ್ ಜೊತೆಗೇ ಬರುತ್ತದೆ. ರೈತರ ದುಡ್ಡಿನ ಲೆಕ್ಕವನ್ನು ಒಂದೇ ಡಿಸ್ಕಿನಲ್ಲಿ ಇಡುವುದು ತಪ್ಪೆಂದು ನಾನು ಖಡಾಖಂಡಿತವಾಗಿ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಮಾಲೂರಿನ ತೊಂದರೆ ಬೇರೆ. ಹೆಂಚು, ಇಟ್ಟಿಗೆಯ ಊರು ಅದು. ಗೂಡುಗಳ ಪಕ್ಕದ ಆಫೀಸಿನಲ್ಲಿ ಕೆಂಪು ದೂಳು ಕಾಗದ, ಮೇಜು, ರೆಪ್ಪೆ ಎಲ್ಲದರ ಮೇಲೂ ಕೂರುತ್ತದೆ. ಪ್ರೊಸೆಸರಿನ ಫ್ಯಾನಿನ ಕೆಳಗೆ ಆ ದೂಳು ಕಂಬಳಿಯಂತೆ ಹೆಪ್ಪುಗಟ್ಟಿ ಗಾಳಿಯಾಡದೆ, ಬೇಸಿಗೆಯ ಮಧ್ಯಾಹ್ನ ಮೆಷಿನ್ ತನ್ನನ್ನು ಉಳಿಸಿಕೊಳ್ಳಲು ತಾನೇ ಆರಿಹೋಗುತ್ತಿತ್ತು. ಇದನ್ನು ಪತ್ತೆಮಾಡಲು ಏನನ್ನೂ ಹಾಕಬೇಕಿಲ್ಲ. ಆನ್ ಮಾಡುವಾಗ ಡಿಲೀಟ್ ಒತ್ತಿ ಬಯಾಸ್‌ಗೆ ಹೋದರೆ ಪಿಸಿ ಹೆಲ್ತ್ ಎಂಬ ಪುಟದಲ್ಲಿ ಪ್ರೊಸೆಸರಿನ ಶಾಖ, ಫ್ಯಾನಿನ ವೇಗ ಎರಡೂ ಕಾಣುತ್ತವೆ. ಒಂದು ಪೇಂಟ್ ಬ್ರಷ್ಷು, ಒಂದು ಬ್ಲೋಯರ್ರು, ಅರ್ಧ ಗಂಟೆ. ಬ್ರಷ್ಷಾಡಿಸಿದ ಮೇಲೆ ಅದೇ ಪುಟವನ್ನು ಮತ್ತೆ ತೆರೆದು ಇಳಿದ ಅಂಕಿಯನ್ನು ತೋರಿಸಿದರೆ, ಮುಂದಿನ ಸಲ ಅವರೇ ಮಾಡಿಕೊಳ್ಳುತ್ತಿದ್ದರು.

ಆಮೇಲೆ ಪೆನ್‌ಡ್ರೈವ್ ವೈರಸ್‌ಗಳ ಕಾಲ. 2007ರಿಂದ ಮೂರ್ನಾಲ್ಕು ವರ್ಷ ನಾಲ್ಕೂ ಊರುಗಳಲ್ಲಿ ಅದೇ ಗೋಳು. ಸ್ಟುಡಿಯೋದಿಂದ ಸೈಬರ್ ಸೆಂಟರಿಗೆ, ಅಲ್ಲಿಂದ ಕಾಲೇಜಿಗೆ, ಕಾಲೇಜಿನಿಂದ ಮನೆಗೆ ಪೆನ್‌ಡ್ರೈವಿನಲ್ಲಿ ಸವಾರಿ ಮಾಡಿ ಬರುತ್ತಿದ್ದವು. ಪೆನ್‌ಡ್ರೈವ್ ಚುಚ್ಚಿ ತೆರೆಯಹೋದರೆ ಅದರೊಳಗಿನದನ್ನು ತಾನಾಗಿ ಓಡಿಸುವ ಎಕ್ಸ್‌ಪಿಯ ಆಟೋರನ್ ಸೌಲಭ್ಯವೇ ಅವುಗಳ ಬಾಗಿಲು. ಒಳಗೆ ಬಂದ ವೈರಸ್ ನಿಜವಾದ ಫೋಲ್ಡರನ್ನು ಬಚ್ಚಿಟ್ಟು, ಅದೇ ಹೆಸರಿನ, ಅದೇ ಚಿತ್ರದ ತನ್ನ ನಕಲನ್ನು ಇಡುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆಯಲು ಹೋದರೆ ಅಡ್ಮಿನಿಸ್ಟ್ರೇಟರ್ ತಡೆದಿದ್ದಾರೆ ಎಂಬ ಸುಳ್ಳು ಸಂದೇಶ. ಮದುವೆಯ ಫೋಟೋಗಳೆಲ್ಲ ಹೋದವೆಂದು ಸ್ಟುಡಿಯೋದವರು ಗಾಬರಿಯಿಂದ ಓಡಿಬರುತ್ತಿದ್ದರು. ಹೋಗಿರುತ್ತಿರಲಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ಆಟ್ರಿಬ್ ಎಂಬ ಹಳೆಯ ಡಾಸ್ ಕಾಲದ ಆಜ್ಞೆಯಿಂದ ಹಿಡನ್, ಸಿಸ್ಟಮ್ ಎಂಬ ಗುರುತುಗಳನ್ನು ತೆಗೆದರೆ ಬಚ್ಚಿಟ್ಟ ಫೋಲ್ಡರುಗಳೆಲ್ಲ ಸಾಲಾಗಿ ಎದ್ದು ಬರುತ್ತಿದ್ದವು. ಆ ಕ್ಷಣದಲ್ಲಿ ಅವರ ಮುಖ ಅರಳುವುದನ್ನು ನೋಡುವುದು ನನ್ನ ಕೆಲಸದ ದೊಡ್ಡ ಸಂಬಳವಾಗಿತ್ತು. ಆಟೋರನ್ಸ್‌ನಲ್ಲಿ ವೈರಸ್ ಎಲ್ಲಿಂದ ಏಳುತ್ತಿದೆ ಎಂದು ನೋಡಿ, ಸೇಫ್ ಮೋಡಿನಲ್ಲಿ ಕಿತ್ತುಹಾಕಬೇಕಿತ್ತು. 2009ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಸೆಕ್ಯುರಿಟಿ ಎಸೆನ್ಷಿಯಲ್ಸ್ ಉಚಿತವಾಗಿ ಬಂತು. 2011ರ ಫೆಬ್ರವರಿಯಲ್ಲಿ ಪೆನ್‌ಡ್ರೈವಿನ ಆಟೋರನ್ ಅನ್ನು ಎಕ್ಸ್‌ಪಿಯಲ್ಲೂ ನಿಲ್ಲಿಸುವ ಅಪ್‌ಡೇಟ್ ಬಂತು. 2012ರ ವಿಂಡೋಸ್ 8ರಿಂದ ಡಿಫೆಂಡರ್ ಪೂರ್ಣ ಆ್ಯಂಟಿವೈರಸ್ ಆಗಿ ಒಳಗೇ ಕೂತಿತು. ಅಪ್‌ಡೇಟನ್ನು ನಿಲ್ಲಿಸಿಟ್ಟುಕೊಂಡವರ ಮೆಷಿನ್‌ಗಳಲ್ಲಿ ಮಾತ್ರ ಗೋಳು ಮುಂದುವರಿಯಿತು.

ಈ ನಡುವೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂದು ಒಳ್ಳೆಯ ಕೆಲಸ ನಡೆಯಿತು. 2011ರ ಸುಮಾರಿಗೆ ಪ್ರೌಢ ಶಿಕ್ಷಣದ ಯೋಜನೆಯಾದ ಆರ್‌ಎಂಎಸ್‌ಎ, ರಾಜ್ಯದ ಶಿಕ್ಷಕರ ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ತರಬೇತಿಯನ್ನು ಶುರುಮಾಡಿದವು. ಶಿಕ್ಷಕರಿಗೆ ಉಬುಂಟು ಲಿನಕ್ಸ್, ಗಣಿತ ಕಲಿಸುವ ಜಿಯೋಜೀಬ್ರಾದಂಥ ಮುಕ್ತ ತಂತ್ರಾಂಶಗಳನ್ನು ಕಲಿಸಿದರು. ಮುಳಬಾಗಿಲು ತಾಲ್ಲೂಕಿನ ಗಣಿತದ ಮೇಷ್ಟ್ರೊಬ್ಬರು ನನ್ನ ಹಳೆಯ ಗಿರಾಕಿ. ತರಬೇತಿ ಮುಗಿಸಿ ಬಂದವರೇ ಶಾಲೆಯ ಲ್ಯಾಬಿನ ಮೂಲೆ ಸೇರಿದ್ದ ಮೆಷಿನ್‌ಗಳಿಗೆ ಉಬುಂಟು ಹಾಕೋಣ ಬಾರಯ್ಯಾ ಎಂದು ಕರೆದರು. ಶಾಲೆ ಬಿಟ್ಟ ಮೇಲೆ ಕೂತು ಹಾಕಿದೆವು. ಮೊದಲು ಸಿಡಿಯಿಂದಲೇ ಓಡಿಸಿ ಕೀಬೋರ್ಡು, ಮೌಸು, ಧ್ವನಿ ಎಲ್ಲ ಕೆಲಸ ಮಾಡುತ್ತವೆಯೇ ಎಂದು ನೋಡಿ, ಆಮೇಲೆ ಡಿಸ್ಕಿಗೆ ಇಳಿಸಿದೆವು. ಒಂದು ರೂಪಾಯಿ ಲೈಸೆನ್ಸು ಬೇಕಾಗಲಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ, ನುಡಿಯಲ್ಲಿ ಟೈಪು ಕಲಿತವರಿಗೆ ಒಗ್ಗಿದ್ದು, ಉಬುಂಟುವಿನಲ್ಲೂ ಸಿಕ್ಕಿತು. ಈ ಸಲ ಬರಹ ಯುನಿಕೋಡಿನಲ್ಲಿ ಇದ್ದುದರಿಂದ ಫಾಂಟ್ ಹೋದರೆ ಕನ್ನಡ ಹೋಗುವ ಭಯವಿರಲಿಲ್ಲ. ವೃತ್ತದ ಕೇಂದ್ರವನ್ನು ಎಳೆದರೆ ಇಡೀ ವೃತ್ತವೇ ಚಲಿಸುವುದನ್ನು ಜಿಯೋಜೀಬ್ರಾದಲ್ಲಿ ಕಂಡ ಎಂಟನೇ ಕ್ಲಾಸಿನ ಹುಡುಗಿ, ‘ಸಾರ್, ಇನ್ನೊಂದ್ಸಲ’ ಎಂದು ಕೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಆ ತರಬೇತಿ ಎಲ್ಲ ಶಾಲೆಗಳಲ್ಲೂ ಬೇರೂರಲಿಲ್ಲ. ವರ್ಗಾವಣೆಯಾಗಿ ಮೇಷ್ಟ್ರು ಹೋದರೆ ಲ್ಯಾಬಿನ ಜೀವವೂ ಅವರ ಜೊತೆ ಹೋಗುತ್ತಿತ್ತು. ಹೀಗಾಗಬಾರದಿತ್ತೆಂಬ ಸಂಕಟ ನನಗಿದೆ.

ಉಚಿತವೆಂದು ಬಂದದ್ದೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ಕಂಪ್ಯೂಟರಿನ ವೇಗ ಹೆಚ್ಚಿಸುತ್ತೇವೆ, ರಿಜಿಸ್ಟ್ರಿ ತೊಳೆಯುತ್ತೇವೆ ಎಂದು ಬರುವ ಎಷ್ಟೋ ತಂತ್ರಾಂಶಗಳು ಹೆದರಿಸಿ ದುಡ್ಡು ಕೀಳಲೆಂದೇ ಹುಟ್ಟಿದವು. ಒಳ್ಳೆಯ ಹೆಸರಿದ್ದವಕ್ಕೂ ಕುತ್ತು ಬರುತ್ತದೆ. ಡಿಸ್ಕಿನ ಕಸ ತೆಗೆಯುವ ಸಿಕ್ಲೀನರ್ ಅನ್ನು ನಾನೇ ನೂರಾರು ಮೆಷಿನ್‌ಗಳಿಗೆ ಹಾಕಿದ್ದೆ. 2017ರಲ್ಲಿ ಅದರ ಒಂದು ಆವೃತ್ತಿಯೊಳಗೆ ದುಷ್ಕರ್ಮಿಗಳು ಕಳ್ಳ ಸಂಕೇತವನ್ನು ಸೇರಿಸಿದರು, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮೆಷಿನ್‌ಗಳಿಗೆ ಅದು ತಲುಪಿತು. ಅಂದಿನಿಂದ ನನ್ನ ಕ್ರಮ ಬಿಗಿಯಾಯಿತು. ಮೆಷಿನ್ ಒಳಗಿನ ಸಲಕರಣೆಯಿಂದ ಆಗುವ ಕೆಲಸಕ್ಕೆ ಹೊರಗಿನದನ್ನು ತರುವುದಿಲ್ಲ. ತರಲೇಬೇಕಾದರೆ ಸಾಧ್ಯವಾದಷ್ಟು ಮೂಲಸಂಕೇತ ಬಹಿರಂಗವಿರುವುದನ್ನು, ಅದನ್ನು ಮಾಡಿದವರ ತಾಣದಿಂದಲೇ ತರುತ್ತೇನೆ. ಸೆವೆನ್ ಜಿಪ್, ವಿಎಲ್‌ಸಿ, ಲಿಬ್ರೆ ಆಫೀಸ್, ಫೋಟೋರೆಕ್, ಡಿಸ್ಕಿನ ನಕಲು ತೆಗೆಯಲು ಕ್ಲೋನ್‌ಜಿಲ್ಲಾ, ಡಿಸ್ಕಿನ ಆಯಸ್ಸು ನೋಡಲು ಕ್ರಿಸ್ಟಲ್ ಡಿಸ್ಕ್ ಇನ್ಫೋ. ಇಷ್ಟಿದ್ದರೆ ಸಣ್ಣ ಊರಿನ ಯಾವ ಆಫೀಸೂ ನಡೆಯುತ್ತದೆ.

ಈಗ ಅಂಗಡಿಯ ಕೆಲಸ ಬಿಟ್ಟಿದ್ದೇನೆ. ಆದರೂ ಫೋನು ಬರುತ್ತದೆ. ಕೊರೋನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಅಟ್ಟದಿಂದ ಇಳಿಸಿದ ಹಳೆಯ ಡೆಸ್ಕ್‌ಟಾಪ್‌ಗಳಿಗೆ ಜೀವ ಕೊಡಲು ಬಹಳ ಜನ ಕರೆದರು. ಹಾರ್ಡ್‌ಡಿಸ್ಕ್ ಜಾಗದಲ್ಲಿ ಒಂದು ಎಸ್‌ಎಸ್‌ಡಿ, ಜೊತೆಗೆ 4 ಜಿಬಿ ರ‍್ಯಾಮ್ ಇದ್ದರೆ ಹತ್ತು ವರ್ಷದ ಮೆಷಿನ್ ಕೂಡ ಲಿನಕ್ಸ್ ಮಿಂಟ್‌ನಲ್ಲಿ ಚೆನ್ನಾಗಿ ಓಡುತ್ತದೆ. ಈಗ ಮತ್ತೊಂದು ಸರದಿ ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಚಿಪ್ಪು ಮತ್ತು ಹೊಸ ಪೀಳಿಗೆಯ ಪ್ರೊಸೆಸರ್ ಹಳೆಯ ಮೆಷಿನ್‌ಗಳಲ್ಲಿ ಇಲ್ಲ. ಇದನ್ನೇ ನೆಪ ಮಾಡಿಕೊಂಡು ಗಟ್ಟಿಮುಟ್ಟಾದ ಮೆಷಿನ್‌ಗಳು ಗುಜರಿಗೆ ಹೋಗುತ್ತಿವೆ. ಅದು ನನಗೆ ಸಹಿಸಲಾಗದ ಮಾತು.

ಈ ಕೆಲಸ ಗೊತ್ತಿರುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮೂರಿನ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನು ಕೇಳಿ, ಒಂದು ಶನಿವಾರ ಮಧ್ಯಾಹ್ನ ಅಲ್ಲಿನ ಲ್ಯಾಬಿಗೆ ಹೋಗಿ. ಒಂದು ಸ್ಕ್ರೂಡ್ರೈವರ್, ಒಂದು ಬ್ರಷ್ಷು, ಲಿನಕ್ಸ್ ತುಂಬಿದ ಒಂದು ಪೆನ್‌ಡ್ರೈವ್ ಸಾಕು. ಯಾವುದನ್ನೂ ಅಳಿಸುವ ಮೊದಲು ಒಳಗೇನಿದೆ ಎಂದು ನೋಡಿ, ಸಂಬಂಧಪಟ್ಟವರನ್ನು ಕೇಳಿ, ನಕಲು ತೆಗೆದಿಡಿ. ಮಾಡಿದ್ದನ್ನು ಪಕ್ಕದಲ್ಲಿ ಕೂತ ಮಕ್ಕಳಿಗೂ ಮೇಷ್ಟ್ರಿಗೂ ತೋರಿಸಿ, ಕನ್ನಡದಲ್ಲಿ ಬರೆದು ಮಾನಿಟರಿನ ಪಕ್ಕಕ್ಕೆ ಅಂಟಿಸಿ ಬನ್ನಿ.